ಡಬ್ಬ ಅದೇ, ಒಳಗಿನ ಪುಡಿ ಬೇರೆ

ವಿಮಾನದ ಚಕ್ರ, ಬ್ರೇಕು, ಟೈರುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ನಿವೃತ್ತ ವಿಮಾನ ನಿರ್ವಹಣಾ ಎಂಜಿನಿಯರ್ ಒಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನಾನು ವಿಮಾನ ನಿರ್ವಹಣೆ ಕಲಿಯುತ್ತಿರುವ ವಿದ್ಯಾರ್ಥಿ. ಸಣ್ಣ ತರಬೇತಿ ವಿಮಾನವೊಂದಕ್ಕೆ ಹೊಸ ಟೈರು ಕೂರಿಸುವ ಹೊತ್ತಿಗೆ ಟೈರ್ ಟಾಲ್ಕ್, ಅಂದರೆ ಟ್ಯೂಬಿಗೂ ಟೈರಿಗೂ ನಡುವೆ ಸವರುವ ನುಣ್ಣನೆಯ ಪುಡಿ, ಮುಗಿದುಹೋಗಿತ್ತು. ಹಿರಿಯ ಮೆಕ್ಯಾನಿಕ್ ಒಬ್ಬರು ಬೇಬಿ ಪೌಡರ್ ತಂದು ಟ್ಯೂಬಿಗೆ ಸವರಿಬಿಟ್ಟರು. ‘ಎಷ್ಟೋ ವರ್ಷದಿಂದ ಇದನ್ನೇ ಹಾಕ್ತಿದೀನಿ, ಏನೂ ಆಗಿಲ್ಲ’ ಅಂದರು. ಇದು ಸರಿಯೇ? ಅಷ್ಟಕ್ಕೂ ಪುಡಿ ಹಾಕುವುದು ಯಾಕೆ?

ಉತ್ತರ: ನಿಮ್ಮ ಹಿರಿಯರು ಸುಳ್ಳು ಹೇಳುತ್ತಿಲ್ಲ. ನಾನು ಕೆಲಸ ಕಲಿತ ಹ್ಯಾಂಗರಿನ ಕಪಾಟಿನಲ್ಲೂ ಸ್ಪ್ಯಾನರ್‌ಗಳ ಪಕ್ಕ ಒಂದು ಬೇಬಿ ಪೌಡರ್ ಡಬ್ಬ ಇರುತ್ತಿತ್ತು. ಗ್ರೀಸ್ ಮೆತ್ತಿದ ಬೆರಳುಗಳ ಗುರುತು ಬಿದ್ದು ಬಿದ್ದು ಡಬ್ಬದ ಬಣ್ಣ ಯಾವುದೆಂದೇ ತಿಳಿಯುತ್ತಿರಲಿಲ್ಲ. ಆ ಪುಡಿ ಹಾಕಿದ ಟ್ಯೂಬುಗಳು ಚೆನ್ನಾಗಿಯೇ ಬಾಳಿದವು. ಆದರೆ ಆಗ ಡಬ್ಬದೊಳಗೆ ಇರುತ್ತಿದ್ದದ್ದು ಟಾಲ್ಕ್. ಈಗ ಅದೇ ಆಕಾರದ, ಅದೇ ವಾಸನೆಯ ಡಬ್ಬದೊಳಗೆ ಮೆಕ್ಕೆಜೋಳದ ಪಿಷ್ಟ ಇರಬಹುದು. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಟಾಲ್ಕ್ ಇರುವ ಬೇಬಿ ಪೌಡರನ್ನು 2020ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ನಿಲ್ಲಿಸುವುದಾಗಿ ಹೇಳಿತು. 2023ರಲ್ಲಿ ಜಗತ್ತಿನ ಎಲ್ಲ ಕಡೆಯೂ ನಿಲ್ಲಿಸಿ ಪಿಷ್ಟಕ್ಕೆ ಬದಲಾಯಿತು. ಟಾಲ್ಕ್ ಇರುವ ಬೇರೆ ಪೌಡರುಗಳು ಈಗಲೂ ಇವೆ. ಡಬ್ಬ ತಿರುಗಿಸಿ, ಸಣ್ಣಕ್ಷರದಲ್ಲಿ ಬರೆದ ಪಟ್ಟಿ ಓದದ ಹೊರತು ಗೊತ್ತಾಗುವುದಿಲ್ಲ. ನಿಮ್ಮವರ ಅನುಭವ ದೊಡ್ಡದೇ, ಒಪ್ಪುತ್ತೇನೆ. ಆದರೆ ಅದರಲ್ಲಿ ಬಹುಪಾಲು ಹಳೆಯ ಪುಡಿಯ ಅನುಭವ.

ಇನ್ನು ಪುಡಿ ಯಾಕೆ ಎನ್ನುವುದು. ಸಣ್ಣ ವಿಮಾನಗಳ ಚಕ್ರ ಸಾಮಾನ್ಯವಾಗಿ ಎರಡು ಹೋಳು. ಟೈರಿನೊಳಗೆ ಟ್ಯೂಬು ಇಟ್ಟು, ಎರಡು ಕಡೆಯಿಂದ ಹೋಳುಗಳನ್ನು ತಂದು ಬೋಲ್ಟ್ ಹಾಕಿ ಬಿಗಿಯುತ್ತೇವೆ. ಗಾಳಿ ತುಂಬುವಾಗ ಟ್ಯೂಬು ಉಬ್ಬುತ್ತಾ ಟೈರಿನ ಒಳಮೈ ಮೇಲೆ ಜಾರಿಕೊಂಡು ತನ್ನ ಜಾಗ ಹುಡುಕಬೇಕು. ರಬ್ಬರಿಗೆ ರಬ್ಬರು ನೇರ ತಗುಲಿದರೆ ಜಾರುವುದಿಲ್ಲ, ಹಿಡಿದುಕೊಳ್ಳುತ್ತದೆ. ಮೊದಲು ತಗುಲಿದ ಭಾಗ ಅಲ್ಲೇ ನಿಲ್ಲುತ್ತದೆ, ಉಳಿದದ್ದು ಅಳತೆ ಮೀರಿ ಹಿಗ್ಗಿ ತೆಳುವಾಗುತ್ತದೆ. ಎಲ್ಲೋ ಒಂದು ಮಡಿಕೆ ಉಳಿದುಬಿಡುತ್ತದೆ. ಹೊರಗಿನಿಂದ ನೋಡಿದರೆ ಟೈರು ಗುಂಡಗೆ, ಸೊಗಸಾಗಿಯೇ ಕಾಣುತ್ತದೆ. ಒಳಗೆ ಆ ಮಡಿಕೆ ಪ್ರತಿ ಲ್ಯಾಂಡಿಂಗಿನಲ್ಲೂ ಉಜ್ಜಿಕೊಳ್ಳುತ್ತಿರುತ್ತದೆ. ಬ್ರೇಕಿನ ಬಿಸಿಯೂ ಸೇರಿದರೆ ಟ್ಯೂಬು ಟೈರಿಗೆ ಅಂಟಿ ಕೂರುತ್ತದೆ. ಮುಂದಿನ ಸಲ ಬಿಡಿಸಹೋದರೆ ಚೂರು ಚೂರಾಗಿ ಕಿತ್ತು ಬರುತ್ತದೆ. ಪುಡಿ ಇಲ್ಲದೆ ಜೋಡಿಸಿದ ಚಕ್ರವನ್ನು ಬಿಚ್ಚಿದವರಿಗೆ ಆ ಕರಕರ ಸದ್ದು ಗೊತ್ತು.

ಟಾಲ್ಕ್ ಒಂದು ಖನಿಜ, ನೀರಿನಂಶ ಸೇರಿದ ಮೆಗ್ನೀಸಿಯಂ ಸಿಲಿಕೇಟ್. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಅದಕ್ಕೆ 1, ಅಂದರೆ ಎಲ್ಲಕ್ಕಿಂತ ಮೃದು. ಅದು ಪದರ ಪದರವಾಗಿದೆ, ಪದರಗಳ ನಡುವಿನ ಹಿಡಿತ ತೀರ ಸಡಿಲ. ಅದಕ್ಕೇ ಬೆರಳಲ್ಲಿ ತಿಕ್ಕಿದರೆ ನುಣ್ಣಗೆ ಜಾರುತ್ತದೆ. ನೀರನ್ನು ಹತ್ತಿರ ಸೇರಿಸುವುದಿಲ್ಲ. ಚಕ್ರ ಎಷ್ಟೇ ಕಾದರೂ ಕರಗುವುದಿಲ್ಲ, ಸುಡುವುದಿಲ್ಲ, ರಬ್ಬರಿನ ಜೊತೆ ಯಾವ ರಾಸಾಯನಿಕ ಜಗಳವನ್ನೂ ತೆಗೆಯುವುದಿಲ್ಲ.

ಪಿಷ್ಟದ ಸ್ವಭಾವ ಇದಕ್ಕೆ ತದ್ವಿರುದ್ಧ. ಒಣಗಿದ್ದಾಗ ಅದೂ ನುಣ್ಣಗೇ ಇರುತ್ತದೆ, ಅದರಿಂದಲೇ ಮೋಸ ಹೋಗುವುದು. ಆದರೆ ಅದು ತೇವ ಕುಡಿಯುತ್ತದೆ. ವಿಮಾನ ಮೇಲೆ ಹೋಗಿ ತಣ್ಣಗಾಗಿ ಕೆಳಗೆ ಬಂದು ಬೆಚ್ಚಗಾದಾಗ ಒಳಗೆ ತೇವ ಕೂರುತ್ತದೆ. ತೊಳೆಯುವಾಗ, ಮಳೆಯಲ್ಲಿ ನಿಂತಾಗ ವಾಲ್ವಿನ ತೂತಿನ ಸುತ್ತಲಿಂದ ನೀರು ಇಳಿಯುತ್ತದೆ. ತೇವ ಮತ್ತು ಬಿಸಿ ಸೇರಿದ ಪಿಷ್ಟ ಗೋಡೆಗೆ ಪೋಸ್ಟರ್ ಹಚ್ಚುವ ಗೋಂದಿನಂತೆ ಆಗುತ್ತದೆ. ಜಾರಲಿ ಎಂದು ಹಾಕಿದ್ದೇ ಅಂಟಿಸುತ್ತದೆ. ಆಮೇಲೆ ಒಣಗಿ ಗಂಟು ಕಟ್ಟಿ, ಗಂಟು ಕೂತ ಜಾಗದಲ್ಲೇ ಟ್ಯೂಬನ್ನು ತೇಯುತ್ತದೆ. ಬೂಷ್ಟು ಹಿಡಿಯುವುದು ಬೇರೆ.

ಹಾಗಾದರೆ ಶುದ್ಧ ಟಾಲ್ಕ್ ಇರುವ ಮನೆಯ ಪೌಡರ್ ಆದೀತೇ? ಪುಡಿಯ ಕೆಲಸದ ಮಟ್ಟಿಗೆ ಆಗುತ್ತದೆ. ಅದರ ಪರಿಮಳದಿಂದ ಟ್ಯೂಬು ಹಾಳಾದದ್ದನ್ನು ನಾನಂತೂ ಕಂಡಿಲ್ಲ. ಔಷಧಿ ಸೇರಿಸಿದ ಪೌಡರುಗಳು ಮಾತ್ರ ಬೇಡವೇ ಬೇಡ. ಅವುಗಳಲ್ಲಿ ಸ್ಯಾಲಿಸಿಲಿಕ್ ಆಮ್ಲ, ಬೋರಿಕ್ ಆಮ್ಲ, ಮೆಂಥಾಲ್ ಎಂದೆಲ್ಲ ಇರುತ್ತದೆ. ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ ಮಿಶ್ರಲೋಹದ ಚಕ್ರದೊಳಗೆ ಅವನ್ನು ಮುಚ್ಚಿಡುವ ಅಗತ್ಯ ಏನಿದೆ? ಇನ್ನೊಂದು ಮಾತು. ಪ್ರಮಾಣಪತ್ರ ಪಡೆದ ವಿಮಾನದ ಮೇಲೆ ನೀವು ಕೆಲಸ ಮಾಡಿ ಸಹಿ ಹಾಕುವಾಗ, ತಯಾರಕರ ಕೈಪಿಡಿ ಹೇಳಿದ ಹಾಗೆ ಮಾಡಿದ್ದೇನೆ ಎಂದು ಬರೆದುಕೊಡುತ್ತಿದ್ದೀರಿ. ಕೈಪಿಡಿಯಲ್ಲಿ ಟೈರ್ ಟಾಲ್ಕ್ ಎಂದಿದ್ದರೆ ಟೈರ್ ಟಾಲ್ಕ್. ಒಂದು ಚೀಲ ತಂದರೆ ವರ್ಷಗಟ್ಟಲೆ ಬರುತ್ತದೆ. ಅದು ಮುಗಿಯಿತೆಂದರೆ ಸ್ಟೋರಿನಲ್ಲಿ ಯಾರೋ ನೋಡಿಕೊಂಡಿಲ್ಲ ಎಂದರ್ಥ, ಅಷ್ಟೆ.

ಪ್ರಶ್ನೆ: ಪುಡಿ ಎಷ್ಟು ಹಾಕಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಟ್ಯೂಬು ಕೂರಿಸುವ ಕ್ರಮವನ್ನೂ ತಿಳಿಸಿ.

ಉತ್ತರ: ಪುಡಿಗಿಂತ ಮೊದಲು ಜೀವದ ವಿಷಯ. ಸೆಸ್ನಾ 172ರಂಥ ವಿಮಾನದ ಮುಖ್ಯ ಚಕ್ರದ ಟೈರಿನಲ್ಲಿ ಒತ್ತಡ 30 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಆಸುಪಾಸು. ಕೇಳಲು ಕಡಿಮೆ ಅನ್ನಿಸುತ್ತದೆ. ಆದರೆ ಚಕ್ರದ ಆ ಎರಡು ಹೋಳುಗಳನ್ನು ನೂರಾರು ಕಿಲೋ ಬಲದಿಂದ ಅದು ಹೊರಕ್ಕೆ ನೂಕುತ್ತಿರುತ್ತದೆ. ತಡೆದು ಹಿಡಿದಿರುವುದು ಬೋಲ್ಟುಗಳು ಮಾತ್ರ. ಗಾಳಿ ಬಿಡದೆ ಬೋಲ್ಟ್ ಬಿಚ್ಚಿದವರು ಕೈ ಕಳೆದುಕೊಂಡಿದ್ದಾರೆ, ಪ್ರಾಣವನ್ನೂ ಕಳೆದುಕೊಂಡಿದ್ದಾರೆ. ವಿಮಾನವನ್ನು ಜ್ಯಾಕಿನ ಮೇಲೆ ನಿಲ್ಲಿಸಿದ ಮೇಲೆ ಗಾಳಿ ಬಿಡಿ. ಸುಯ್ ಸದ್ದು ನಿಂತ ಮೇಲೆ ವಾಲ್ವಿನ ಒಳತಿರುಳನ್ನು ಬಿಚ್ಚಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ. ಅದು ಕೈಗೆ ಬಂದ ಮೇಲೆಯೇ ಸ್ಪ್ಯಾನರ್ ಮುಟ್ಟಬೇಕು. ನನ್ನ ಕೈಕೆಳಗೆ ಕಲಿಯಲು ಬಂದವರಿಗೆಲ್ಲ ಒಂದೇ ಕಟ್ಟಳೆ ಇತ್ತು: ಆ ತಿರುಳನ್ನು ತಂದು ನನ್ನ ಮೇಜಿನ ಮೇಲಿಟ್ಟು ಆಮೇಲೆ ಚಕ್ರ ಬಿಚ್ಚಿ. ಬೈದುಕೊಂಡರು, ಬೈದುಕೊಳ್ಳಲಿ.

ಹೊಸ ಟೈರಿನ ಒಳಗೆ ಬೆಳಕು ಬಿಟ್ಟು ನೋಡಿ. ಕಾರ್ಖಾನೆಯ ಚೀಟಿ ಅಂಟಿದ್ದರೆ ಕೀಳಿ, ಟ್ಯೂಬಿನ ಮೇಲಿನದ್ದನ್ನೂ ಕೀಳಿ. ಚೀಟಿಯ ಅಂಚು ಸಣ್ಣದು ನಿಜ, ಆದರೆ ಅದೇ ಅಂಚು ಟ್ಯೂಬನ್ನು ತೇದು ತೂತು ಮಾಡುತ್ತದೆ. ಇದನ್ನು ಬಹಳ ಮಂದಿ ಮರೆಯುತ್ತಾರೆ. ಆಮೇಲೆ ಟ್ಯೂಬಿನ ಕಂಪನಿಯನ್ನು ಬೈಯುತ್ತಾರೆ. ಒಳಗೆ ಮರಳು, ರಬ್ಬರಿನ ಚೂರು ಇದ್ದರೆ ಒರೆಸಿ. ಪೂರ್ತಿ ಒಣಗಿರಬೇಕು.

ಈಗ ಪುಡಿ. ಟ್ಯೂಬಿನ ಮೇಲೆ ಸ್ವಲ್ಪ ಉದುರಿಸಿ ಅಂಗೈಯಿಂದ ಸವರಿ, ಟೈರಿನ ಒಳಮೈಗೂ ಹಾಗೆಯೇ. ಕಪ್ಪು ರಬ್ಬರು ಬೂದಿ ಬಣ್ಣಕ್ಕೆ ತಿರುಗಿದರೆ ಸಾಕು. ಬೆಳ್ಳಗೆ ಕಂಡರೆ ಹೆಚ್ಚಾಯಿತು ಎಂದೇ ಲೆಕ್ಕ; ಕೊಡವಿ ಹಾಕಿ. ಹೆಚ್ಚಿಗೆ ಹಾಕಿದರೆ ಒಳ್ಳೆಯದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೆಚ್ಚಾದ ಪುಡಿ ಒಂದೇ ಕಡೆ ಸೇರಿ ಚಕ್ರದ ಸಮತೋಲ ಕೆಡಿಸುತ್ತದೆ, ಮೂಗಿನ ಚಕ್ರದಲ್ಲಿ ಸಮತೋಲ ಕೆಟ್ಟರೆ ಓಡುವಾಗ ಗಡಗಡ ನಡುಗುತ್ತದೆ. ಟೈರಿನ ಬೀಡ್, ಅಂದರೆ ಚಕ್ರದ ಅಂಚಿಗೆ ಕಚ್ಚಿ ಕೂರುವ ಗಟ್ಟಿ ಬಳೆ, ಅದರ ಮೇಲೆ ಪುಡಿ ಬೀಳದ ಹಾಗೆ ನೋಡಿಕೊಳ್ಳಿ. ಅಲ್ಲಿ ಜಾರುವುದು ನಮಗೆ ಬೇಡ. ಬ್ರೇಕ್ ಹಿಡಿದಾಗ ಚಕ್ರ ನಿಂತು ಟೈರು ಮಾತ್ರ ತುಸು ತಿರುಗಿದರೆ ಟ್ಯೂಬಿನ ವಾಲ್ವು ಬುಡದಲ್ಲೇ ಕತ್ತರಿಸಿ ಹೋಗುತ್ತದೆ. ಟೈರಿನಿಂದ ಚಕ್ರಕ್ಕೆ ಅಡ್ಡಲಾಗಿ ಒಂದು ಬಣ್ಣದ ಗೆರೆ ಎಳೆಯುವುದು ಇದನ್ನು ಪತ್ತೆ ಹಚ್ಚಲಿಕ್ಕೇ. ಗೆರೆ ಮುರಿದು ಎರಡಾಗಿ ಕಂಡರೆ ಟೈರು ಜರುಗಿದೆ.

ಟೈರಿನ ಮೇಲೆ ಒಂದು ಕೆಂಪು ಚುಕ್ಕೆ ಇರುತ್ತದೆ. ಅದು ಟೈರಿನ ಹಗುರ ಜಾಗ. ಟ್ಯೂಬಿನ ಮೇಲೆ ಭಾರದ ಜಾಗಕ್ಕೆ ಹಳದಿ ಗೆರೆ ಇದ್ದರೆ ಎರಡನ್ನೂ ಸೇರಿಸಿ. ಗೆರೆ ಇಲ್ಲದಿದ್ದರೆ ಕೆಂಪು ಚುಕ್ಕೆಯನ್ನು ವಾಲ್ವಿನ ಎದುರಿಗೆ ತನ್ನಿ. ಟ್ಯೂಬಿಗೆ ಗುಂಡಗಾಗುವಷ್ಟು ಮಾತ್ರ ಗಾಳಿ ಬಿಟ್ಟು ಟೈರಿನೊಳಗೆ ಇಡಿ. ಹೋಳುಗಳನ್ನು ಸೇರಿಸುವಾಗ ಟ್ಯೂಬು ನಡುವೆ ಸಿಕ್ಕಿಕೊಳ್ಳಬಾರದು. ನಾನು ನೋಡಿದ ಹೊಸ ಟ್ಯೂಬಿನ ಪಂಕ್ಚರುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟಿದವು, ರನ್‌ವೇ ಮೇಲಿನ ಮೊಳೆಯಿಂದಲ್ಲ. ಬೋಲ್ಟುಗಳನ್ನು ಎದುರುಬದುರಾಗಿ, ಆ ಚಕ್ರಕ್ಕೆ ಹೇಳಿದ ಟಾರ್ಕಿಗೆ, ಅಂದರೆ ತಿರುಗಿಸುವ ಬಲದ ಅಳತೆಗೆ, ಬಿಗಿಯಿರಿ. ರಕ್ಷಣಾ ಪಂಜರದೊಳಗೆ ಇಟ್ಟು, ರೆಗ್ಯುಲೇಟರ್ ಇರುವ ಕೊಳವೆಯಿಂದ ಗಾಳಿ ತುಂಬಿ. ಪೂರ್ತಿ ತುಂಬಿದ ಮೇಲೆ ಎಲ್ಲವನ್ನೂ ಬಿಟ್ಟು ಮತ್ತೆ ತುಂಬಿ. ಮೊದಲ ಸಲ ಉಳಿದ ಸುಕ್ಕು ಗಾಳಿ ಹೋದಾಗ ಸಡಿಲಗೊಂಡು ಎರಡನೆಯ ಸಲ ಬಿಚ್ಚಿಕೊಳ್ಳುತ್ತದೆ. ಪುಡಿಯ ಅಸಲಿ ಕೆಲಸ ನಡೆಯುವುದು ಈ ಎರಡು ನಿಮಿಷದಲ್ಲಿ.

ಪ್ರಶ್ನೆ: ನಮ್ಮ ಕ್ಲಬ್ಬಿನ ವಿಮಾನಕ್ಕೆ ಸಂಜೆ ಟೈರು ಹಾಕಿದೆವು. ಬೆಳಿಗ್ಗೆ ನೋಡಿದರೆ ಒತ್ತಡ ಕಡಿಮೆ. ಪುಡಿ ಸರಿಯಾಗಿ ಹಾಕಲಿಲ್ಲ ಎಂದು ಎಲ್ಲರೂ ನನ್ನನ್ನೇ ದೂರುತ್ತಿದ್ದಾರೆ.

ಉತ್ತರ: ದೂರುವವರಿಗೆ ಒಂದು ದಿನ ತಡೆದುಕೊಳ್ಳಲು ಹೇಳಿ. ಹೊಸ ಟೈರಿನೊಳಗಿನ ನೈಲಾನ್ ಎಳೆಗಳು ಮೊದಲ ಸಲ ಗಾಳಿ ತುಂಬಿದಾಗ ಹಿಗ್ಗುತ್ತವೆ. ಒಳಗಿನ ಜಾಗ ದೊಡ್ಡದಾಗುತ್ತದೆ, ಒತ್ತಡ ಇಳಿಯುತ್ತದೆ. ಮೊದಲ 24 ಗಂಟೆಯಲ್ಲಿ ಶೇ. 10ರವರೆಗೂ ಇಳಿಯುವುದುಂಟು. ಟ್ಯೂಬಿಗೂ ಟೈರಿಗೂ ನಡುವೆ ಸಿಕ್ಕಿಬಿದ್ದಿದ್ದ ಗಾಳಿ ನಿಧಾನಕ್ಕೆ ಹೊರಗೆ ಹೋಗುವುದೂ ಇದಕ್ಕೆ ಸೇರುತ್ತದೆ. ರಾತ್ರಿಯ ಚಳಿಯನ್ನೂ ಲೆಕ್ಕಕ್ಕೆ ತನ್ನಿ. ಸುಮಾರು 3 ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡ ಶೇ. 1ರಷ್ಟು ಇಳಿಯುತ್ತದೆ. ಮತ್ತೆ ಸರಿಯಾದ ಒತ್ತಡಕ್ಕೆ ತಂದು ಇನ್ನೊಂದು ದಿನ ಬಿಟ್ಟು ನೋಡಿ. ಆಗಲೂ ಅಷ್ಟೇ ಇಳಿದರೆ ಸೋರಿಕೆ ಇದೆ. ಮೊದಲು ವಾಲ್ವಿನ ಬಾಯಿಗೆ ಸೋಪಿನ ನೀರಿನ ಹನಿ ಬಿಟ್ಟು ಗುಳ್ಳೆ ಬರುತ್ತದೆಯೇ ನೋಡಿ, ಅಲ್ಲಿ ಏನೂ ಇಲ್ಲದಿದ್ದರೆ ಚಕ್ರ ಬಿಚ್ಚಿ ಹೋಳುಗಳ ಅಂಚಿಗೆ ಸಿಕ್ಕ ಗುರುತು ಟ್ಯೂಬಿನ ಮೇಲಿದೆಯೇ ಹುಡುಕಿ.

ಪ್ರಶ್ನೆ: ಟಾಲ್ಕ್ ಸಿಗದಿದ್ದರೆ ಸೀಮೆಸುಣ್ಣದ ಪುಡಿ, ಅಡಿಗೆ ಸೋಡಾ, ಗ್ರಾಫೈಟ್, ಸೋಪಿನ ನೀರು, ಇವುಗಳಲ್ಲಿ ಯಾವುದು ವಾಸಿ?

ಉತ್ತರ: ಯಾವುದೂ ಅಲ್ಲ. ಸೀಮೆಸುಣ್ಣ ಟಾಲ್ಕಿಗಿಂತ ಗಡಸು, ಜಾರಿಸುವ ಗುಣವೂ ಇಲ್ಲ. ಸೋಡಾ, ಬಟ್ಟೆ ಒಗೆಯುವ ಪುಡಿ ಕ್ಷಾರ. ತೇವ ತಗುಲಿದರೆ ಅಲ್ಯೂಮಿನಿಯಂ ತಿನ್ನುತ್ತವೆ. ಗ್ರಾಫೈಟ್ ಜಾರುವುದರಲ್ಲಿ ನಿಸ್ಸೀಮ, ಆದರೆ ಅದು ವಿದ್ಯುತ್ ಹರಿಸುತ್ತದೆ. ತೇವ ಇರುವ ಕಡೆ ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ ಪಕ್ಕದಲ್ಲಿ ಗ್ರಾಫೈಟ್ ಇದ್ದರೆ ಲೋಹ ಸವೆಯತೊಡಗುತ್ತದೆ. ಅದರಲ್ಲೂ ಮೆಗ್ನೀಸಿಯಂ ಚಕ್ರಕ್ಕೆ ಅದನ್ನು ತೋರಿಸಲೂ ಬೇಡಿ. ಸೋಪಿನ ನೀರು ಒಳಗೆ ಸೇರಿದರೆ ಮುಚ್ಚಿದ ಚಕ್ರದಿಂದ ಹೊರಗೆ ಬರಲು ದಾರಿ ಇಲ್ಲ. ನೀವು ಕೇಳದಿದ್ದರೂ ಹೇಳುತ್ತೇನೆ, ಗ್ರೀಸು ಮತ್ತು ಎಂಜಿನ್ ಆಯಿಲ್ ಹಚ್ಚಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಪುಡಿ ಇಲ್ಲವೆಂದರೆ ವಿಮಾನ ಒಂದು ದಿನ ನಿಂತಿರಲಿ.

ಪ್ರಶ್ನೆ: ದೊಡ್ಡ ಪ್ರಯಾಣಿಕ ವಿಮಾನಗಳ ಟೈರಿಗೂ ಪೌಡರ್ ಹಾಕುತ್ತಾರೆಯೇ?

ಉತ್ತರ: ಇಲ್ಲ, ಅಲ್ಲಿ ಟ್ಯೂಬೇ ಇಲ್ಲ. ಬೋಯಿಂಗ್ 737ರ ಮುಖ್ಯ ಟೈರಿನಲ್ಲಿ ಸುಮಾರು 200 ಪಿಎಸ್‌ಐ ಒತ್ತಡ ಇರುತ್ತದೆ, ಅದನ್ನು ಹಿಡಿದಿಡುವುದು ಬೀಡ್ ಮತ್ತು ಚಕ್ರದ ನಡುವಿನ ಬಿಗಿತ, ಹೋಳುಗಳ ನಡುವಿನ ಓ-ರಿಂಗ್ ಎಂಬ ರಬ್ಬರ್ ಬಳೆ. ಅಲ್ಲಿ ಪುಡಿಯ ಒಂದು ಗೆರೆ ಬಿದ್ದರೂ ಸೋರಿಕೆಗೆ ದಾರಿ. ಬೀಡ್ ಕೂರುವ ಜಾಗವನ್ನು ಒರೆಸಿ ಚೊಕ್ಕಟ ಮಾಡುತ್ತಾರೆ, ಓ-ರಿಂಗಿಗೆ ಹೇಳಿದ ಗ್ರೀಸನ್ನಷ್ಟೇ ಸವರುತ್ತಾರೆ.

ಬದಲಿ ವಸ್ತುವಿನ ಮಾತು ಬಂದದ್ದರಿಂದ ಒಂದು ಘಟನೆ ಹೇಳಬೇಕು. 1986ರ ಮಾರ್ಚ್ 31ರಂದು ಮೆಕ್ಸಿಕಾನಾ ಸಂಸ್ಥೆಯ ಬೋಯಿಂಗ್ 727 ಮೆಕ್ಸಿಕೊ ನಗರದಿಂದ ಹೊರಟಿತು. ಒಂದು ಬ್ರೇಕು ಹಿಡಿದುಕೊಂಡೇ ಇದ್ದು ಚಕ್ರ ವಿಪರೀತ ಕಾದಿತ್ತು. ಆ ಟೈರಿನಲ್ಲಿ ನೈಟ್ರೋಜನ್ ಬದಲು ಸಾಮಾನ್ಯ ಗಾಳಿ ಇತ್ತು. ಟೈರಿನ ಒಳಪದರ ಕಾದು ಹೊರಬಿಟ್ಟ ಅನಿಲಕ್ಕೆ ಗಾಳಿಯಲ್ಲಿನ ಆಮ್ಲಜನಕ ಸಿಕ್ಕಿತು. ಆಕಾಶದಲ್ಲಿದ್ದಾಗಲೇ ಟೈರು ಸ್ಫೋಟಿಸಿ ಇಂಧನದ ಕೊಳವೆಗಳು ಹರಿದವು, ಬೆಂಕಿ ಹತ್ತಿತು. ವಿಮಾನದಲ್ಲಿದ್ದ 167 ಮಂದಿಯೂ ಸತ್ತರು. ಮರುವರ್ಷ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ದೊಡ್ಡ ವಿಮಾನಗಳ ಬ್ರೇಕ್ ಇರುವ ಚಕ್ರಗಳಿಗೆ ನೈಟ್ರೋಜನ್ ಕಡ್ಡಾಯ ಮಾಡಿತು; ಟೈರಿನೊಳಗೆ ಆಮ್ಲಜನಕ ಶೇ. 5ನ್ನು ಮೀರುವಂತಿಲ್ಲ. ಬೇಬಿ ಪೌಡರಿಗೂ ಇದಕ್ಕೂ ಹೋಲಿಕೆ ಮಾಡಿ ಯಾರನ್ನೂ ಹೆದರಿಸುವ ಉದ್ದೇಶ ನನಗಿಲ್ಲ. ತರಬೇತಿ ವಿಮಾನದ ಟ್ಯೂಬು ಹರಿದರೆ ಬಹುತೇಕ ಟೈರು ಚಪ್ಪಟೆಯಾಗಿ ವಿಮಾನ ರನ್‌ವೇ ಪಕ್ಕಕ್ಕೆ ಎಳೆಯುತ್ತದೆ. ಅದೂ ಕಡಿಮೆ ತಲೆನೋವಲ್ಲ, ಒಬ್ಬನೇ ಹಾರುತ್ತಿರುವ ಕಲಿಕೆಯ ಹುಡುಗನಿಗಂತೂ.

ಪ್ರಶ್ನೆ: ನನ್ನ ಮಗಳು ಚಕ್ರ ವಿಭಾಗದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಟಾಲ್ಕ್ ಪುಡಿಯಿಂದ ಕ್ಯಾನ್ಸರ್ ಬರುತ್ತದೆ ಎಂದು ಓದಿದೆ. ಭಯವಾಗುತ್ತಿದೆ.

ಉತ್ತರ: ಭಯ ಬೇಡ, ಎಚ್ಚರ ಬೇಕು. ಕೆಲವು ಗಣಿಗಳಲ್ಲಿ ಟಾಲ್ಕಿನ ಜೊತೆಗೇ ಕಲ್ನಾರು ಸಿಗುತ್ತದೆ, ಮೂಲ ಆತಂಕ ಅದರದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಐಎಆರ್‌ಸಿ 2024ರಲ್ಲಿ ಟಾಲ್ಕನ್ನು 2ಎ ಗುಂಪಿಗೆ ಸೇರಿಸಿತು, ಅಂದರೆ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತು. ಅದು ಇರಲಿ, ವರ್ಷಾನುಗಟ್ಟಲೆ ಟಾಲ್ಕ್ ಧೂಳು ಉಸಿರಾಡಿದರೆ ಶ್ವಾಸಕೋಶ ಕೆಡುತ್ತದೆ ಎಂಬುದು ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ. ಅಪಾಯ ಇರುವುದು ಗಾಳಿಯಲ್ಲಿ ಹಾರುವ ಧೂಳಿನಲ್ಲಿ. ಕಲ್ನಾರು ಇಲ್ಲವೆಂದು ಪರೀಕ್ಷಿಸಿದ ಪುಡಿಯನ್ನೇ ತರಿಸಲು ನಿಮ್ಮ ಮಗಳು ಕೇಳಲಿ. ಡಬ್ಬ ಕುಲುಕಿ ಮೇಲಿಂದ ಉದುರಿಸುವ ಬದಲು ಬಟ್ಟೆಯ ಉಂಡೆಯಲ್ಲಿ ಅದ್ದಿ ಒತ್ತಲಿ. ಧೂಳಿಗೆ ತಕ್ಕ ಮಾಸ್ಕ್ ಹಾಕಲಿ. ಹಳೆಯ ಟೈರು ಬಿಚ್ಚಿದಾಗ ಒಳಗಿನ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದುವ ಕೆಟ್ಟ ಚಾಳಿ ಎಲ್ಲ ಕಡೆ ಇದೆ. ನಮ್ಮ ಕಾಲದಲ್ಲಿ ಹಾಗೆ ಊದಿ ಇಡೀ ಕೋಣೆ ಬೆಳ್ಳಗಾದಾಗ ಎಲ್ಲರೂ ನಗುತ್ತಿದ್ದರು. ಅವಳು ಒದ್ದೆ ಬಟ್ಟೆಯಲ್ಲಿ ಒರೆಸಲಿ, ಒಣಗಲು ಬಿಡಲಿ, ಪಕ್ಕದವರು ಊದಹೊರಟರೆ ಜಗಳ ಆಡಲಿ.

ಪ್ರಶ್ನೆ: ನನ್ನ ಹತ್ತಿರ ವಿಮಾನ ಇಲ್ಲ ಮೇಡಂ, ಬೈಕ್ ಇದೆ. ಅದರ ಟ್ಯೂಬಿಗೂ ಪುಡಿ ಹಾಕಬೇಕೇ?

ಉತ್ತರ: ಹಾಕಿ. ಪಂಕ್ಚರ್ ತಿದ್ದುವವರು ಇಟ್ಟುಕೊಳ್ಳುವ ಫ್ರೆಂಚ್ ಚಾಕ್ ಕೂಡ ಟಾಲ್ಕೇ. ಪ್ಯಾಚಿನ ಸುತ್ತ ಉಳಿದ ಅಂಟಿನ ಮೇಲೂ ಚೂರು ಸವರಿ, ಇಲ್ಲದಿದ್ದರೆ ಟ್ಯೂಬು ಅಲ್ಲೇ ಟೈರಿಗೆ ಹತ್ತಿಕೊಳ್ಳುತ್ತದೆ. ಟೈರು ಟ್ಯೂಬ್‌ಲೆಸ್ ಆಗಿದ್ದರೆ ಪುಡಿ ಬೇಡ.